ನೂಲಿನ ಇನ್ನೊಂದು ತುದಿ

ಮೊನ್ನೆ ಸಾಗರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಹೆಣ್ಣು ಗಂಡು ಕೂತಿದ್ದ ವೇದಿಕೆಯ ಹಿಂದೆ ಹಸೆ ಚಿತ್ತಾರ ಇತ್ತು. ಇತ್ತು ಎಂದರೆ ಯಾರೂ ಬರೆದದ್ದಲ್ಲ, ಯಾವುದೋ ಅಂಗಡಿಯಲ್ಲಿ ದೊಡ್ಡ ಫ್ಲೆಕ್ಸಿನ ಮೇಲೆ ಅಚ್ಚು ಹಾಕಿಸಿ ತಂದು ಕಟ್ಟಿದ್ದರು. ನನ್ನ ಪಕ್ಕ ಕೂತಿದ್ದ ಹುಡುಗಿ, "ಎಷ್ಟು ನೀಟಾಗಿ ಬಂದಿದೆ ನೋಡಿ ಅಜ್ಜಿ" ಎಂದಳು. ನೀಟಾಗಿಯೇ ಇತ್ತು. ಅಷ್ಟುದ್ದ ಗೆರೆ, ಒಂದೂ ಕೂದಲೆಳೆಯಷ್ಟು ಅತ್ತಿತ್ತ ಆಗಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಮದುವೆ ಮನೆಯಲ್ಲಿ ಬಾಯಿ ಬಿಡಬಾರದು ಎಂದು ಹೋಳಿಗೆ ತಿಂದು ಸುಮ್ಮನೆ ಎದ್ದು ಬಂದೆ.

ಆ ಹುಡುಗಿಯದು ತಪ್ಪಲ್ಲ. ಗೆರೆ ನೆಟ್ಟಗಿದ್ದರೆ ಚೆಂದ ಎಂದು ಅವಳು ತಿಳಿದಿದ್ದಾಳೆ. ನನ್ನ ಮದುವೆಯ ಹಸೆಯ ಮೊದಲ ಗೆರೆ ಸೊಟ್ಟಗಿತ್ತು. ನಾನು ಸಾಯುವವರೆಗೂ ಮರೆಯದ ಗೆರೆ ಅದೊಂದೇ.

ನಮ್ಮ ಜನರಲ್ಲಿ ಮದುವೆ ನಿಶ್ಚಯವಾದ ಕೂಡಲೆ ಮೊದಲು ನೋಡುವುದು ಗೋಡೆಯನ್ನು. ಜಗಲಿಯ ಗೋಡೆಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯಬೇಕು. ಏಣಿ, ಪಲ್ಲಕ್ಕಿ, ಬಾಸಿಂಗ, ನಡುವೆ ಮಂಟಪದೊಳಗೆ ಹೆಣ್ಣು ಗಂಡಿನ ಎರಡು ಗೊಂಬೆ. ಮದುಮಕ್ಕಳು ಕೂರುವುದು ಅದರ ಮುಂದೆಯೇ. ಅದು ಅಲಂಕಾರಕ್ಕಲ್ಲ. ಹಸೆ ಇಲ್ಲದೆ ಕೂತರೆ ಕೂತಂತೆಯೇ ಅಲ್ಲ ಎಂದು ನಮ್ಮ ಹಿರಿಯರು ನಂಬಿದ್ದರು, ನಾನೂ ನಂಬಿದ್ದೆ. ಬರೆಯುವವರು ಹೆಂಗಸರೇ. ಸಣ್ಣ ಗೆರೆಗಳಿಗೆ ಪುಂಡಿ ನಾರಿನ ಕುಂಚ ಸಾಕು. ಉದ್ದದ ಗೆರೆಗಳಿಗೆ ಮಾತ್ರ ನೂಲು ಹೊಡೆಯಬೇಕಿತ್ತು. ಹತ್ತಿಯ ನೂಲನ್ನು ಹಿಟ್ಟಿನಲ್ಲಿ ಅದ್ದಿ, ಒಬ್ಬಳು ಈ ತುದಿ, ಇನ್ನೊಬ್ಬಳು ಆ ತುದಿ ಹಿಡಿದು, ಬಿಗಿಯಾಗಿ ಎಳೆದು ಗೋಡೆಗೆ ಒತ್ತಿದರೆ ಒಂದು ಬಿಳಿ ಎಳೆ ಮೂಡುತ್ತಿತ್ತು. ಒಬ್ಬಳಿಂದ ಆಗುವ ಕೆಲಸ ಅಲ್ಲ ಅದು.

ನಮ್ಮ ಮನೆಯ ಪದ್ಧತಿಯಲ್ಲಿ ಮೊದಲ ಎಳೆಗೆ ಒಂದು ತುದಿ ಹಿಡಿಯಬೇಕಾದವಳು ಮದುವೆ ಹೆಣ್ಣಿನ ತಾಯಿ, ಇನ್ನೊಂದು ತುದಿ ಹಿಡಿಯಬೇಕಾದವಳು ಸೋದರತ್ತೆ. ಅತ್ತೆ ಇಲ್ಲದಿದ್ದರೆ ಅತ್ತೆಯ ವರಸೆಯವರು ಯಾರಾದರೂ. ನನಗೆ ಅತ್ತೆ ಇದ್ದಳು. ಇದ್ದದ್ದೇ ಕಷ್ಟವಾಯಿತು.

ಅತ್ತೆ ಎಂದರೆ ಅಪ್ಪಯ್ಯನ ಒಬ್ಬಳೇ ತಂಗಿ. ನಮ್ಮ ಹಳೇ ಊರಿನಲ್ಲಿ ಅವಳನ್ನು ಪಕ್ಕದ ಮನೆಗೇ ಕೊಟ್ಟಿದ್ದರು. ನಮ್ಮ ಜಗಲಿಯಿಂದ ಕೂಗಿದರೆ ಅವಳ ಅಡುಗೆ ಮನೆಗೆ ಕೇಳುತ್ತಿತ್ತು. ಮಕ್ಕಳಿರಲಿಲ್ಲ ಅವಳಿಗೆ. ನನ್ನನ್ನು ಅವ್ವ ಹೆತ್ತಳು, ಅಷ್ಟೇ. ಜಡೆ ಹೆಣೆದದ್ದು, ಬೈದದ್ದು, ಕುಂಚ ಹಿಡಿಯಲು ಕಲಿಸಿದ್ದು ಎಲ್ಲ ಅವಳೇ. ಕಲಿಸುವಾಗ ಮಹಾ ಕೋಪಿಷ್ಠೆ. ಗೆರೆ ದಪ್ಪವಾದರೆ, "ಎಂತದೇ ಇದು, ಹಾವು ಹರಿದಂಗೆ" ಎಂದು ಸೆರಗಿನಿಂದ ಒರೆಸಿಬಿಡುವಳು. ಸುತ್ತಲಿನ ಊರುಗಳಲ್ಲಿ ಯಾವ ಮನೆಯಲ್ಲಿ ಮದುವೆ ಆದರೂ ಚಿತ್ತಾರಕ್ಕೆ ಅವಳಿಗೇ ಕರೆ ಬರುತ್ತಿತ್ತು. ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. "ನಿನ್ನ ಮದ್ವೆಗೆ ಮಾತ್ರ ನೀ ಕೈ ಹಾಕಂಗಿಲ್ಲ ಕಣೆ. ನೀ ಮಣೆ ಮೇಲೆ ಕೂತ್ಕ. ನಾ ಬರೀತೀನಿ, ನೀ ನೋಡು" ಎಂದು ಎಷ್ಟು ಸಲ ಹೇಳಿದ್ದಳೋ.

ಆಮೇಲೆ ನೀರು ಬಂತು.

ಅಣೆಕಟ್ಟಿನ ನೀರು ಹೇಗೆ ಬಂತು, ಯಾರು ಯಾರು ಎಲ್ಲಿಗೆ ಹೋದರು ಎಂಬುದನ್ನು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನಗೆ ಬೇಕಾದದ್ದು ಇಷ್ಟೇ: ನಮಗೆ ತೀರ್ಥಹಳ್ಳಿ ಕಡೆ, ಮೇಳಿಗೆಯಿಂದಲೂ ಆಚೆ, ಕಾಡಿನಲ್ಲಿ ಜಾಗ ತೋರಿಸಿದರು. ಊರಿನ ಹೆಚ್ಚಿನವರು ಅಲ್ಲಿಗೇ ಹೊರಟರು. ಅತ್ತೆಯ ಗಂಡ, ಅಂದರೆ ನಮ್ಮ ಮಾವ, ಬರುವುದಿಲ್ಲ ಎಂದ. ಹಿಂದಿನ ಗುಡ್ಡ ಹತ್ತಿ ತುಮರಿ ಕಡೆ ಮನೆ ಕಟ್ಟಿಕೊಳ್ಳುತ್ತೇನೆ, ನೀರು ಅಲ್ಲಿಗೂ ಬಂದರೆ ಆಮೇಲೆ ನೋಡೋಣ ಎಂದ. ಹೊರಡುವ ದಿನ ಗಾಡಿಗೆ ಸಾಮಾನು ಹೇರುತ್ತಿರುವಾಗ ಅಪ್ಪಯ್ಯನಿಗೂ ಮಾವನಿಗೂ ಮಾತು ಬೆಳೆಯಿತು. "ನನ್ನ ತಂಗೀನ ನೀರಲ್ಲಿ ಮುಳುಗಿಸ್ತೀಯ ನೀನು" ಎಂದ ಅಪ್ಪಯ್ಯ. "ಓಡಿ ಹೋಗೋರು ಓಡಿ. ನನ್ನ ಹೆಂಡ್ತಿ ಚಿಂತೆ ನಿಂಗೆ ಬೇಡ" ಎಂದ ಮಾವ. ಅತ್ತೆ ಇಬ್ಬರ ನಡುವೆ ಒಂದು ಹಿಟ್ಟಿನ ಮಡಕೆ ಹಿಡಿದುಕೊಂಡು ನಿಂತಿದ್ದಳು. ಅದನ್ನು ನಮ್ಮ ಗಾಡಿಗೆ ಇಡಲು ತಂದವಳು, ಇಡದೆ ಹಾಗೇ ವಾಪಸು ಒಯ್ದಳು.

ಅಣ್ಣ ತಂಗಿ ಆಮೇಲೆ ಮುಖ ನೋಡಲಿಲ್ಲ. ನೋಡಬೇಕೆಂದರೂ ಸುಲಭವಿರಲಿಲ್ಲ. ಅವಳಿದ್ದಲ್ಲಿಂದ ದೋಣಿ ದಾಟಬೇಕು, ಸಾಗರಕ್ಕೆ ಬಸ್ಸು, ಸಾಗರದಿಂದ ಹೊಸನಗರ, ಹೊಸನಗರದಿಂದ ತೀರ್ಥಹಳ್ಳಿ, ಅಲ್ಲಿಂದ ಮತ್ತೆ ನಡಿಗೆ. ಲಾಂಚು ಆಮೇಲೆ ಬಂತು. ಮೊದಲು ಕೂಗಿದರೆ ಕೇಳುತ್ತಿದ್ದವಳ ಸುದ್ದಿ ಈಗ ನಮಗೆ ತಲುಪುತ್ತಿದ್ದುದು ಒಣಮೀನು ಮಾರುವ ಸಾಬರ ಬಾಯಿಂದ. ಅವರು ಸಾಗರದ ಕಡೆಯಿಂದ ಈ ಕಡೆಯವರೆಗೂ ಊರೂರು ಸುತ್ತಿ, ಚೆಲ್ಲಾಪಿಲ್ಲಿಯಾಗಿದ್ದ ನಮ್ಮ ಜನರ ಸುದ್ದಿಯನ್ನು ಬುಟ್ಟಿಯ ಜೊತೆಗೇ ಹೊತ್ತು ತರುತ್ತಿದ್ದರು. ಇವತ್ತಿಗೂ ಒಣಮೀನಿನ ವಾಸನೆ ಬಂದರೆ ನನಗೆ ಅತ್ತೆ ನೆನಪಾಗುತ್ತಾಳೆ. ಇದನ್ನು ಕೇಳಿದರೆ ಅವಳು ಕೋಲು ತೆಗೆದುಕೊಳ್ಳುತ್ತಿದ್ದಳು.

ನೀರು ಬಂದ ಎರಡನೇ ಬೇಸಿಗೆಯಲ್ಲಿ ನನ್ನ ಮದುವೆ ಗೊತ್ತಾಯಿತು. ಗಂಡು ಹೊಸನಗರದ ಕಡೆಯವರು. ಎಲ್ಲ ಸರಿಯಾಯಿತು, ಗೋಡೆ ಮಾತ್ರ ಇರಲಿಲ್ಲ.

ನಿಜವಾಗಿಯೂ ಇರಲಿಲ್ಲ. ನಾವೆಲ್ಲ ಇನ್ನೂ ಬಿದಿರು ತಟ್ಟಿಯ ಗುಡಿಸಲುಗಳಲ್ಲೇ ಇದ್ದೆವು. ಕಾಡು ಕಡಿದು ಗದ್ದೆ ಮಾಡುವುದರಲ್ಲೇ ಎಲ್ಲರ ಸೊಂಟ ಮುರಿದಿತ್ತು, ಮಣ್ಣಿನ ಗೋಡೆ ಏಳಿಸಲು ಯಾರಿಗೂ ಪುರಸೊತ್ತಾಗಿರಲಿಲ್ಲ. ಇಡೀ ಹೊಸ ಊರಿಗೆ ಗೋಡೆ ಅಂತ ಇದ್ದದ್ದು ಶಾಲೆಗೆ. ಗಂಡಸರೆಲ್ಲ ಸೇರಿ ಕಟ್ಟಿದ ಉದ್ದನೆಯ ಕಟ್ಟಡ, ಮಣ್ಣಿನ ಗಿಲಾವು ಆಗಿತ್ತು, ಸುಣ್ಣ ಇನ್ನೂ ಆಗಿರಲಿಲ್ಲ. ಮದುವೆಯ ಚಪ್ಪರವನ್ನು ಅದರ ಮುಂದಿನ ಬಯಲಿನಲ್ಲೇ ಹಾಕುವುದು ಎಂದಾಯಿತು. ಅವ್ವ ಮೇಷ್ಟರ ಹತ್ತಿರ ಹೋಗಿ, ಗೋಡೆಯ ಒಂದು ಮೂಲೆ ಕೊಡಿ ಎಂದು ಕೇಳಿದಳು. ಮೇಷ್ಟರು ಮೈಸೂರು ಕಡೆಯವರು, ಒಬ್ಬರೇ ಇದ್ದರು. ಅವರಿಗೆ ಹಸೆ ಎಂದರೇನೆಂದು ಗೊತ್ತಿರಲಿಲ್ಲ. "ಸುಣ್ಣ ಬರೋವರೆಗೂ ಗೋಡೆ ನಿಮ್ಮದೇ ಕಣಮ್ಮ, ಪೂರ್ತಿ ಬರ್ಕೊಳ್ಳಿ" ಎಂದುಬಿಟ್ಟರು. ಪೂರ್ತಿ ಎಂದ ಆ ಒಂದು ಮಾತು ಮಧ್ಯಾಹ್ನದೊಳಗೆ ಎಲ್ಲ ಗುಡಿಸಲುಗಳಿಗೂ ಮುಟ್ಟಿತು.

ಪರೀಕ್ಷೆ ಮುಗಿದ ಮೇಲಿನ ಭಾನುವಾರ ಚಿತ್ತಾರದ ದಿನ ಎಂದು ಗೊತ್ತು ಮಾಡಿದರು. ಅತ್ತೆಗೆ ಹೇಳಿ ಕಳಿಸಬೇಕಿತ್ತು. ಸಾಬರು ಬಂದಾಗ ಅವ್ವ, "ಮೊದ್ಲ ಎಳೆ ಅವಳೇ ಹಿಡೀಬೇಕು, ಹಿಂದಿನ ದಿನವೇ ಬಂದ್ಬಿಡಕ್ಕೆ ಹೇಳಿ" ಎಂದು ಹೇಳಿದಳು. ಅಪ್ಪಯ್ಯ ಅಲ್ಲೇ ಕತ್ತಿ ಮಸೆಯುತ್ತ ಕೂತಿದ್ದ. ಸಾಬರು ಅವನ ಕಡೆ ತಿರುಗಿ, "ನಿಮ್ದು ಎಂತಾದ್ರೂ ಹೇಳೋದುಂಟಾ?" ಎಂದರು. "ಅವ್ಳು ಹೇಳಿದ್ಲಲ್ಲ, ಸಾಕು" ಎಂದು ಅಪ್ಪಯ್ಯ ಮಸೆಯುವುದನ್ನು ಮುಂದುವರಿಸಿದ. ಆ ಕತ್ತಿ ಆಗಲೇ ಸಾಕಷ್ಟು ಹರಿತವಾಗಿತ್ತು ಎಂಬುದು ನನಗೆ ಗೊತ್ತಿತ್ತು.

ಶನಿವಾರ ಅತ್ತೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ನನಗೆ ಎಣ್ಣೆ ಹಚ್ಚಿ ಮೀಯಿಸಿ, ಶಾಲೆಯ ಬಯಲಿನಲ್ಲಿ ಒಂದು ಮಣೆಯ ಮೇಲೆ ಕೂರಿಸಿದರು. ಹೆಂಗಸರು ಒಬ್ಬೊಬ್ಬರಾಗಿ ಬಂದರು. ಹಿಂದಿನ ದಿನವೇ ಬಳಿದಿದ್ದ ಕೆಮ್ಮಣ್ಣು ಒಣಗಿ ಗೋಡೆಯಿಡೀ ಕೆಂಪಾಗಿತ್ತು. ನೆನೆಸಿದ ಅಕ್ಕಿ ಅರೆದ ಬಿಳಿ, ಅಕ್ಕಿ ಸುಟ್ಟು ಅರೆದ ಕಪ್ಪು, ಗುರಿಗೆ ಕಾಯಿಯ ಹಳದಿ, ಎಲ್ಲವೂ ತೆಂಗಿನ ಚಿಪ್ಪುಗಳಲ್ಲಿ ಸಾಲಾಗಿ ಕೂತಿದ್ದವು. ಎಲ್ಲರೂ ಬಂದದ್ದು ನನ್ನ ಹಸೆಗೆ ಎಂದು. ಆದರೆ ಎಲ್ಲರ ಸೊಂಟದಲ್ಲೂ ಅವರವರ ಕುಂಚ ಇತ್ತು. ಅವರು ಗೋಡೆಗೆ ಕೈ ಹಚ್ಚಿ ಎರಡು ವರ್ಷವಾಗಿತ್ತು, ಬಿದಿರು ತಟ್ಟಿಯ ಮೇಲೆ ಯಾರು ಏನು ಬರೆದಾರು? ಕೈ ಕಡಿಯುತ್ತಿತ್ತು ಎಲ್ಲರಿಗೂ.

ಅತ್ತೆ ತೀರ್ಥಹಳ್ಳಿಗೆ ಬೆಳಗಿನ ಬಸ್ಸಿನಲ್ಲಿ ಬಂದರೆ ಬಿಸಿಲು ಏರುವುದರೊಳಗೆ ನಡೆದು ಮುಟ್ಟಬಹುದು ಎಂದು ಲೆಕ್ಕ ಹಾಕಿ ಕಾದೆವು. ಹೆಂಗಸರು ಎಷ್ಟು ಹೊತ್ತು ಅಂತ ಸುಮ್ಮನೆ ಕೂತಾರು? ಒಬ್ಬಳು, "ನಾ ಆ ಕಡೆ ತುದೀಲಿ ನಮ್ಮನೆದೊಂದು ಬರ್ಕೊಳ್ತೀನಿ, ಹಾಳು ಬಿಡ್ಲಿಕ್ಕೆ ಯಾಕೆ" ಎಂದು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಉದ್ದಕ್ಕೂ ಹೆಂಗಸರು ಕೂತಿದ್ದರು. ಒಬ್ಬಳು ಹಾಡು ಎತ್ತಿದಳು, ಉಳಿದವರು ಸೋ ಎಂದರು. ಪ್ರತಿ ಮನೆಗೂ ಅದರದೇ ಒಂದು ಕಟ್ಟು ಇತ್ತು. ಒಬ್ಬರದು ಏಣಿಯಲ್ಲಿ ಮೆಟ್ಟಿಲು ಒತ್ತೊತ್ತು, ಒಬ್ಬರದು ಅಂಚಿಗೆ ಹಳದಿ, ಒಬ್ಬರದರಲ್ಲಿ ಪಲ್ಲಕ್ಕಿಯ ಮೇಲೆ ಎರಡು ಹಕ್ಕಿ. ಯಾವ ಗೋಡೆ ಯಾರ ಮನೆಯದೆಂದು ಕಣ್ಣು ಕಟ್ಟಿ ಕರೆತಂದು ಬಿಚ್ಚಿದರೂ ನಮಗೆ ಗೊತ್ತಾಗುತ್ತಿತ್ತು.

ಗಮನಿಸಿದವಳು ನಾನೇ, ಮಾಡಲು ಬೇರೆ ಕೆಲಸವಿರಲಿಲ್ಲವಲ್ಲ. ಅವರು ಎಲ್ಲೆಲ್ಲೋ ಕೂತಿರಲಿಲ್ಲ. ಹೊಸ ಊರಿನಲ್ಲಿ ಗುಡಿಸಲುಗಳು ಚೀಟಿ ಎತ್ತಿದಂತೆ ಹಂಚಿಹೋಗಿದ್ದವು, ಹಳೇ ನೆರೆಯವರು ಯಾರೂ ನೆರೆಯಲ್ಲಿರಲಿಲ್ಲ. ಗೋಡೆಯ ಮುಂದೆ ಮಾತ್ರ ಎಲ್ಲರೂ ಹಳೇ ಊರಿನ ಸಾಲಿನಲ್ಲೇ ಕೂತಿದ್ದರು. ಕೆರೆ ಕಡೆಯಿಂದ ಶುರುವಾಗಿ ಗುಡ್ಡದ ಕಡೆಗೆ, ಮನೆ ಪಕ್ಕ ಮನೆ. ಯಾರೂ ಹೇಳಿಕೊಟ್ಟಿರಲಿಲ್ಲ, ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಅವ್ವ ನನ್ನ ಹಸೆಗೆಂದು ಬಿಟ್ಟುಕೊಂಡಿದ್ದ ಜಾಗ ನಮ್ಮ ಮನೆಯ ಜಾಗವೇ. ಅದರ ಪಕ್ಕ ಒಂದಿಷ್ಟು ಕೆಂಪು ಗೋಡೆ ಖಾಲಿ ಇತ್ತು. ಅದರಾಚೆಗೆ ಕೂತವಳು ಎರಡು ಸಲ ಹಿಂದಕ್ಕೆ ಸರಿದು ಜಾಗ ಬಿಟ್ಟದ್ದನ್ನು ನಾನು ನೋಡಿದೆ.

ಗಂಡಸರು ಚಪ್ಪರಕ್ಕೆ ಗೂಟ ನೆಡುತ್ತಿದ್ದರು. ಒಬ್ಬ ಅಜ್ಜ ಕೆಲಸ ಬಿಟ್ಟು ಗೋಡೆಯ ಮುಂದೆ ಬಂದು ನಿಂತ. ಎಡದಿಂದ ಬಲಕ್ಕೆ ನಿಧಾನವಾಗಿ ನಡೆದ, ನಡುವೆ ಒಂದು ಕಡೆ ನಿಂತು, "ಇದು ನಮ್ಮನೆ" ಎಂದ. ಅಷ್ಟೇ ಅಂದದ್ದು. ಆಮೇಲೆ ಉಳಿದ ಗಂಡಸರೂ ಬಂದರು. ತಮ್ಮ ತಮ್ಮ ಮನೆಯ ಮುಂದೆ ನಿಂತುಕೊಂಡರು, ಒಬ್ಬನಂತೂ ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡ. ಎರಡು ವರ್ಷದಿಂದ ನಾವು ಯಾರೂ ಅತ್ತಿರಲಿಲ್ಲ, ಕಾಡು ಕಡಿಯುವುದೇ ಆಗಿತ್ತು. ಅವತ್ತು ನನಗೆ ಅಳು ತಡೆಯಲಾಗಲಿಲ್ಲ. ಮದುವೆ ಹೆಣ್ಣು ಅಳುವುದು ರೂಢಿಯಲ್ಲವೇ, ಯಾರೂ ಏನೆಂದು ಕೇಳಲಿಲ್ಲ.

ಮೇಷ್ಟರು ಕೈ ಹಿಂದೆ ಕಟ್ಟಿಕೊಂಡು ನೋಡುತ್ತ ಬಂದು, "ಇಲ್ಲೊಂದು ಜಾಗ ಬಿಟ್ಟಿದ್ದೀರಲ್ಲ, ಇಲ್ಲೂ ಬರೀಬಹುದಿತ್ತು" ಎಂದರು. ಅಪ್ಪಯ್ಯ ಗೂಟದ ಹೊಂಡದ ಹತ್ತಿರ ಹಾರೆ ಹಿಡಿದು ನಿಂತಿದ್ದ. ಅವನು ಇತ್ತ ಬಂದೇ ಇರಲಿಲ್ಲ.

ಬಿಸಿಲು ನೆತ್ತಿಗೆ ಬಂತು. ದಾರಿಯಲ್ಲಿ ಯಾರೂ ಕಾಣಲಿಲ್ಲ. ಮಧ್ಯಾಹ್ನದ ಬಸ್ಸಿನವರೂ ಬಂದು ಹೋದರು. ನನ್ನ ಹಸೆಯ ಜಾಗ, ಅತ್ತೆಯ ಜಾಗ, ಎರಡೂ ಪಕ್ಕಪಕ್ಕದಲ್ಲಿ ಕೆಂಪಾಗಿಯೇ ಉಳಿದಿದ್ದವು. ಮೊದಲ ಎಳೆ ಬೀಳದೆ ಉಳಿದದ್ದನ್ನು ಬರೆಯುವಂತಿಲ್ಲ. ಹೊತ್ತು ಮುಳುಗಿದರೆ ಆ ದಿನ ಕಳೆಯಿತು, ಮದುವೆಯೊಳಗೆ ಮತ್ತೆ ಒಳ್ಳೇ ದಿನ ಇರಲಿಲ್ಲ.

"ಅವ್ನೇ ಬಿಟ್ಟಿರಲ್ಲ" ಎಂದಳು ಅವ್ವ, ಮಾವನನ್ನು ಕುರಿತು. ಹೆಂಗಸರು ತಲೆ ತಲೆ ಸೇರಿಸಿದರು. ವರಸೆಯಲ್ಲಿ ಅತ್ತೆಯಾಗುವ ಒಬ್ಬ ಮುದುಕಿಯನ್ನು ಕರೆದುಕೊಂಡು ಬಂದು ನೂಲಿನ ತುದಿ ಕೈಗೆ ಕೊಡಲು ಹೋದರು. ನಾನು ಮಣೆಯ ಮೇಲಿಂದಲೇ, "ಬೇಡ" ಎಂದೆ. ಮದುವೆ ಹೆಣ್ಣು ಹಾಗೆಲ್ಲ ಬಾಯಿ ಹಾಕಬಾರದು. ಅವ್ವ ಕಣ್ಣು ಕೆಕ್ಕರಿಸಿದಳು. ನಾನು ಮತ್ತೆ ಬೇಡ ಎಂದೆ. ಅತ್ತೆ ಹಿಡಿಯದ ಗೆರೆಯ ಮುಂದೆ ನಾನು ಕೂರುವುದಿಲ್ಲ ಎಂದೆ. ಆಗ ನನಗೆ ಹದಿನೆಂಟೋ ಹತ್ತೊಂಬತ್ತೋ. ಹಠ ಮಾಡಿದರೆ ನೀರು ದಾಟಿ ಅತ್ತೆ ಬಂದೇಬಿಡುತ್ತಾಳೆ ಎಂಬಂತೆ ಹಠ ಮಾಡಿದೆ.

ಆಗ ಅಪ್ಪಯ್ಯ ಹಾರೆ ಕೆಳಗಿಟ್ಟು ಬಂದ. ಪಂಚೆಗೆ ಕೈ ಒರೆಸಿಕೊಂಡು, "ತಾ ಇಲ್ಲಿ" ಎಂದು ಆ ಮುದುಕಿಯ ಕೈಯಿಂದ ನೂಲಿನ ತುದಿ ತೆಗೆದುಕೊಂಡ.

ಹೆಂಗಸರು ನಕ್ಕರು. ಗಂಡಸು ಹಸೆಗೆ ಕೈ ಹಚ್ಚುವುದೆಂದರೆ ಗಂಡಸು ಸೋಬಾನೆ ಹೇಳಿದಂತೆ. ಆದರೆ ಅವನು ನೂಲನ್ನು ಹಿಡಿದ ರೀತಿ ನೋಡಿ ನಗು ನಿಂತಿತು. ತೋರುಬೆರಳಿಗೆ ಎರಡು ಸುತ್ತು ಸುತ್ತಿ, ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡ. ಅದು ಅತ್ತೆಯ ಹಿಡಿತ. ನನಗೆ ಕಲಿಸಿದ್ದೂ ಅದನ್ನೇ. "ನಿಂಗೆ ಹೆಂಗೆ ಗೊತ್ತು?" ಎಂದಳು ಅವ್ವ. "ಸಣ್ಣೋಳಿರುವಾಗ ಅವ್ಳು ಕಲಿಯಕ್ಕೆ ಮತ್ತ್ಯಾರು ಹಿಡ್ಕೊಳ್ತಿದ್ರು? ನಾನೇ. ಬೇರೆ ಹುಡುಗ್ರು ನೋಡ್ದಂಗೆ ಹಿತ್ಲಲ್ಲಿ" ಎಂದ ಅಪ್ಪಯ್ಯ, ಯಾರ ಮುಖವನ್ನೂ ನೋಡದೆ. ಮದುವೆಯಾಗಿ ಅಷ್ಟು ವರ್ಷವಾಗಿದ್ದ ಅವ್ವನಿಗೂ ಅದು ಹೊಸ ಸುದ್ದಿ.

ಇಬ್ಬರೂ ನೂಲು ಎಳೆದರು. ಅವ್ವನ ಕಡೆ ಸರಿಯಾಗಿತ್ತು. ಅಪ್ಪಯ್ಯ ಬಲ ಹಾಕಿ ತನ್ನ ಕಡೆ ಮೇಲಕ್ಕೆ ಎಳೆದುಬಿಟ್ಟ. ಎಳೆ ಒಂದು ಬದಿ ಏರಿ ಕೂತಿತು. ಸೊಟ್ಟ ಎಂದು ಎಲ್ಲರಿಗೂ ಕಾಣುತ್ತಿತ್ತು. ಒರೆಸಲು ಅವ್ವ ಬಟ್ಟೆ ಎತ್ತಿಕೊಂಡಳು, ಏನೆನ್ನಿಸಿತೋ, ಕೆಳಗಿಟ್ಟಳು. ಉಳಿದ ಚಿತ್ತಾರವನ್ನೆಲ್ಲ ಆ ಸೊಟ್ಟಕ್ಕೆ ಹೊಂದಿಸಿ ಬರೆದರು. ಮಂಟಪದ ಒಂದು ಕಂಬ ಉದ್ದ, ಒಂದು ಗಿಡ್ಡ. ಅತ್ತೆಯ ಮನೆಯ ಜಾಗ ಹಾಗೇ ಬಿಟ್ಟರು. ನಾನು ಆ ಸೊಟ್ಟ ಹಸೆಯ ಮುಂದೆಯೇ ಕೂತು ಮದುವೆಯಾದೆ. ಫೋಟೋ ತೆಗೆದವರು ಯಾರೂ ಇಲ್ಲ. ಮಳೆಗಾಲದ ಇರಚಲಿಗೆ ಗೋಡೆಯ ಕೆಳಗಿನ ಅರ್ಧ ತೊಳೆದು ಹೋಯಿತು, ಆಮೇಲೆ ಸುಣ್ಣ ಬಂತು.

ಮದುವೆಯ ದಿನವೂ ಅತ್ತೆ ಬಂದಿರಲಿಲ್ಲ. ಅಪ್ಪಯ್ಯ ಅದರ ಸುದ್ದಿ ಎತ್ತಗೊಡಲಿಲ್ಲ. ಸಾಬರು ಬಂದರೂ ಮೀನು ಬೇಡ ಎಂದು ಒಳಗೆ ಹೋಗಿಬಿಡುತ್ತಿದ್ದನಂತೆ. ಮಾವನನ್ನು ಮನಸ್ಸಿನಲ್ಲೇ ಎಷ್ಟು ಸಲ ಬೈದಿದ್ದನೋ ದೇವರಿಗೇ ಗೊತ್ತು. ನಾನೂ ಗಂಡನ ಮನೆಯಲ್ಲಿ ಒಲೆ ಊದುತ್ತ ಬೈದಿದ್ದೇನೆ.

ಮದುವೆಯಾದ ಎರಡನೇ ಬೇಸಿಗೆಯಲ್ಲಿ ಗಂಡನ ಕಡೆಯ ಒಂದು ಕೆಲಸಕ್ಕೆ ಸಾಗರಕ್ಕೆ ಹೋಗಬೇಕಾಗಿ ಬಂತು. ಅಷ್ಟು ದೂರ ಬಂದವಳು ದಾಟಿಯೇ ಬರುತ್ತೇನೆ ಎಂದು ಹಟ ಹಿಡಿದು, ಅವರ ಜೊತೆ ದೋಣಿ ಹತ್ತಿದೆ. ನೀರು ಇಳಿದಿತ್ತು. ಒಣಗಿದ ಮರದ ತುದಿಗಳು ನೀರಿನಿಂದ ಮೇಲೆ ಬಂದಿದ್ದವು. ನಮ್ಮ ಮನೆ ಯಾವ ಕಡೆ ಎಂದು ನಾನು ನೋಡಲಿಲ್ಲ, ಸೆರಗು ಮುಖಕ್ಕೆ ಎಳೆದುಕೊಂಡು ಕೂತಿದ್ದೆ.

ಅತ್ತೆ ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟು, "ಎಂತದೇ, ಇಷ್ಟು ಸೊರಗಿದೀಯ" ಎಂದು ಬೈಯುತ್ತಲೇ ಹತ್ತಿರ ಬಂದಳು. ಅವಳ ಕೂದಲು ಬೆಳ್ಳಗಾಗಿತ್ತು. ಬಾಯಿ ಹಾಗೇ ಇತ್ತು. ಜಗಲಿ ಹತ್ತಿದವಳು ಅಲ್ಲೇ ನಿಂತುಬಿಟ್ಟೆ. ಗೋಡೆಯ ತುಂಬ ಹಸೆ ಚಿತ್ತಾರ. ಮಕ್ಕಳಿಲ್ಲದ ಮನೆಯಲ್ಲಿ ಯಾರ ಮದುವೆ? ಬಣ್ಣ ಮಾಸಿತ್ತು, ಗೆರೆಗಳು ಮಾತ್ರ ನೆಟ್ಟಗೆ, ಅವಳ ಕೈಯ ಗೆರೆಗಳು. ಮಂಟಪದೊಳಗಿನ ಹೆಣ್ಣಿನ ಗೊಂಬೆಗೆ ನನ್ನ ಹಾಗೇ ಗಿಡ್ಡ ಜಡೆ. ಬಲಗಡೆ, ಚಿತ್ತಾರದ ಮೊದಲ ಎಳೆ ಮುಗಿಯುವಲ್ಲಿ, ಗೋಡೆಗೆ ಒಂದು ಮೊಳೆ ಹೊಡೆದಿತ್ತು.

"ನಿಂದೇ ಕಣೆ" ಎಂದಳು ಅತ್ತೆ. "ಅದೇ ಭಾನುವಾರ ಬರ್ದದ್ದು."

ಆಮೇಲೆ ಹೇಳಿದಳು. ಸಾಬರು ಬಂದು ಹೇಳಿದ ದಿನದಿಂದ ಕಾದಿದ್ದಳಂತೆ, ಅಣ್ಣನೂ ಒಂದು ಮಾತು ಹೇಳಿ ಕಳಿಸಬಹುದು ಎಂದು. "ಅತ್ತಿಗೆ ಕರೆದ್ಲು, ಅದು ಸರಿ. ಅವ್ನು ಕರೀಬೇಕಿತ್ತಲ್ಲ. ಇವತ್ತು ಬರ್ತದೆ, ನಾಳೆ ಬರ್ತದೆ ಅಂತ ಕೂತೆ. ಶನಿವಾರ ಇವ್ರೇ ಬೈದ್ರು, ಅಣ್ಣ ಕರೀಲಿ ಬಿಡ್ಲಿ, ಹುಡುಗಿ ಎಂತ ತಪ್ಪು ಮಾಡಿದ್ಲು, ನಡಿ ಅಂತ." ಇವರು ಎಂದರೆ ಮಾವ. ಭಾನುವಾರ ಬೆಳಗಿನ ಜಾವ ಮಾವನೇ ಬುಟ್ಟಿ ಹೊತ್ತು ಅವಳನ್ನು ದಡದವರೆಗೆ ಕರೆದುಕೊಂಡು ಬಂದಿದ್ದನಂತೆ. ಗಾಳಿ ಎದ್ದಿತ್ತು. ದೋಣಿಯವನು ಬಿಡುವುದಿಲ್ಲ ಎಂದ. ಬಿಸಿಲು ಏರುವವರೆಗೆ ಇಬ್ಬರೂ ದಡದಲ್ಲಿ ಕೂತಿದ್ದು, ಇನ್ನು ಹೋದರೂ ಮುಟ್ಟುವುದಿಲ್ಲ ಎಂದು ಗೊತ್ತಾದ ಮೇಲೆ ಗುಡ್ಡ ಹತ್ತಿ ವಾಪಸು ಬಂದರು. ಹೋಗಿ ಏನು ಮುಖ ತೋರಿಸಲಿ ಎಂದು ಮದುವೆಗೂ ಹೊರಡಲಿಲ್ಲ.

"ಮನೆಗೆ ಬಂದು ಸುಮ್ನೆ ಕೂರಕ್ಕಾಗ್ಲಿಲ್ಲ. ಹಿಟ್ಟು ಹೆಂಗೂ ಅರೆದಿತ್ತು. ಇವ್ರಿಗೆ ನೂಲು ಹಿಡೀರಿ ಅಂದ್ರೆ ನಂಗೊತ್ತಿಲ್ಲ ಮಾರಾಯ್ತಿ ಅಂದ್ರು. ಒಂದು ಮೊಳೆ ಹೊಡ್ಕೊಡಿ ಅಂದೆ. ಆ ತುದಿ ಮೊಳೆಗೆ ಕಟ್ದೆ, ಈ ತುದಿ ನಾ ಹಿಡ್ಕೊಂಡೆ." ಅವಳು ಮೊಳೆಯ ಮೇಲೆ ಬೆರಳಿಟ್ಟಳು. "ಚೆನ್ನಾಗೇ ಹಿಡೀತು. ಅಲ್ಲಾಡ್ಲಿಲ್ಲ. ಮಾತಾಡಲ್ಲ ಅಷ್ಟೇ."

ಬೆರಳು ತೆಗೆಯದೆಯೇ, "ಅಲ್ಲಿ ಯಾರು ಹಿಡಿದ್ರು?" ಎಂದು ಕೇಳಿದಳು.

"ಅಪ್ಪಯ್ಯ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡು, "ಅವನ ಕಡೆ ಮೇಲಕ್ಕೆ ಹೋಗಿರ್ಬೇಕು" ಎಂದಳು. ಹೌದು ಎಂದೆ. "ಸಣ್ಣೋನಿದ್ದಾಗ್ಲೂ ಹಂಗೇ. ಎಷ್ಟು ಹೇಳಿದ್ರೂ ಕೇಳ್ತಿರ್ಲಿಲ್ಲ." ನಗಲು ಹೋದಳು, ಆಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು, ಚಾ ಮಾಡುತ್ತೇನೆ ಎಂದು.

ಹೊಸನಗರಕ್ಕೆ ಬಂದವಳು ಗಂಡನ ಮನೆಗೆ ಹೋಗದೆ ನೇರ ತೀರ್ಥಹಳ್ಳಿ ಬಸ್ಸು ಹತ್ತಿದೆ. ಅಪ್ಪಯ್ಯ ಗದ್ದೆಯ ಬದುವಿನ ಮೇಲಿದ್ದ. ದಡದಲ್ಲಿ ಕೂತದ್ದು, ಮಾವ ಬುಟ್ಟಿ ಹೊತ್ತದ್ದು, ಮೊಳೆ, ಎಲ್ಲ ಹೇಳಿದೆ. ಕೊನೆಗೆ, "ಮೊಳೆ ಎಷ್ಟೆತ್ತರಕ್ಕೆ ಹೊಡೆಸಿದಾಳೆ?" ಎಂದು ಕೇಳಿದ. ನಾನು ನನ್ನ ಗಲ್ಲದ ಹತ್ತಿರ ಕೈ ಇಟ್ಟು ತೋರಿಸಿದೆ. ಅವನು ಅದೇ ಎತ್ತರಕ್ಕೆ ತನ್ನ ಎದೆಯ ಮೇಲೆ ಕೈ ಇಟ್ಟು ನೋಡಿಕೊಂಡ. ನೂಲು ಹಿಡಿದಾಗ, ಮೇಲಕ್ಕೆ ಎಳೆಯುವ ಮೊದಲು, ಅವನ ಕೈ ಇದ್ದದ್ದು ಅಷ್ಟೇ ಎತ್ತರದಲ್ಲಿ.

ಮರುದಿನ ನಾವು ಏಳುವಾಗ ಅಪ್ಪಯ್ಯ ಇರಲಿಲ್ಲ. ನಾಲ್ಕೈದು ದಿನ ಬಿಟ್ಟು ಬಂದ. ಅಲ್ಲಿ ಏನಾಯಿತು, ಮಾವನ ಜೊತೆ ಮಾತಾಡಿದನೋ ಇಲ್ಲವೋ, ಏನೂ ಹೇಳಲಿಲ್ಲ. ಉಗುರಿನ ಸಂದಿಯಲ್ಲಿ ಅಕ್ಕಿ ಹಿಟ್ಟು ಒಣಗಿತ್ತು ಎಂದು ಅವ್ವ ಆಮೇಲೆ ನನಗೆ ಹೇಳಿದಳು. ಮುಂದಿನ ವರ್ಷ ನಾನು ಮತ್ತೆ ತುಮರಿ ಕಡೆ ಹೋದಾಗ ಗೋಡೆಗೆ ಹೊಸ ಕೆಮ್ಮಣ್ಣು ಬಳಿದಿತ್ತು, ಹೊಸ ಎಳೆ ಒಂದು ಕಡೆ ಏರಿತ್ತು. ಮೊಳೆ ಇರಲಿಲ್ಲ. ಕೇಳಿದ್ದಕ್ಕೆ ಅತ್ತೆ, "ನಿಮ್ಮಪ್ಪಯ್ಯ ಕಿತ್ಕೊಂಡು ಹೋದ. ಇನ್ನು ಬೇಕಾದಾಗ ನನ್ನ ಕರಿ, ಇದೆಲ್ಲ ಎಂತಕ್ಕೆ ಅಂದ" ಎಂದಳು. ಕರೆದಾಗಲೆಲ್ಲ ಅವನು ಹೋದ. ಕಾಲು ನಡೆಯುವವರೆಗೂ ಹೋದ.

ಅವರೆಲ್ಲ ಈಗ ಇಲ್ಲ. ಅಪ್ಪಯ್ಯ ಹೋದ ಮೇಲೆ ಅವನ ಎಲೆಯಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಕೆಳಗೆ, ತುಕ್ಕು ಹಿಡಿದ ಒಂದು ಮೊಳೆ ಸಿಕ್ಕಿತು. ಅವ್ವ ಎಸೆಯಲು ಹೊರಟಿದ್ದಳು, ನಾನು ಈಸಿಕೊಂಡೆ.

ಸಾಗರದ ಆ ಮದುವೆಯಿಂದ ಬಂದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೇ ದಿನ ಅಕ್ಕಿ ನೆನೆಹಾಕಿದೆ. ಜಗಲಿಯ ಗೋಡೆಗೆ ಕೆಮ್ಮಣ್ಣು ಬಳಿದೆ. ನಮ್ಮ ಮನೆಯಲ್ಲಿ ಮದುವೆ ಯಾರದ್ದೂ ಇಲ್ಲ. ಮೊಮ್ಮಗಳನ್ನು ಕರೆದೆ, ಪರೀಕ್ಷೆ ಇದೆ ಎಂದಳು. ನೆರೆಮನೆಯವಳನ್ನು ಕರೆದೆ, ನಂಗೆ ಬರಲ್ಲ ಅಮ್ಮ ಎಂದು ನಕ್ಕಳು. ಅದ್ದಿದ ನೂಲು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಆಮೇಲೆ ಒಳಗೆ ಹೋಗಿ ಮೊಳೆ ತಂದು, ಅತ್ತೆಯ ಗೋಡೆಯಲ್ಲಿದ್ದ ಎತ್ತರಕ್ಕಲ್ಲ, ಅಪ್ಪಯ್ಯನ ಕೈ ಹೋಗುತ್ತಿದ್ದ ಹಾಗೆ ಒಂಚೂರು ಮೇಲಕ್ಕೇ ಹೊಡೆದೆ.